ಬಂಡೆಯ ಪಕ್ಕದ ತಾರೀಕು

“ಒಬ್ಬನನ್ನು ಒಮ್ಮೆ ಚೆನ್ನಾಗಿ ಅರಿತ ಮೇಲೆ ಮತ್ತೆ ನೋಡಬೇಕೇಕೆ ಗುರುಗಳೇ?” ಎಂದು ಮರಿಸ್ವಾಮಿ ಕೇಳಿದ. ಬಹಳ ಹಿಂದೆ ತನ್ನನ್ನು ಮನೆಯಿಂದ ಹೊರಹಾಕಿದ್ದ ಅಣ್ಣ ಈಗ ಬಾ ಎಂದು ಹೇಳಿಕಳಿಸಿದ್ದ. ಅಣ್ಣ ಬಂಡೆಯಂಥವನು, ಬದಲಾಗುವವನಲ್ಲ, ತಾನು ಹೋಗುವುದಿಲ್ಲ ಎಂದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಮೋಜಣಿದಾರನಿದ್ದ. ಗುಡ್ಡದ ನೆತ್ತಿಯ ಬಂಡೆಗೆ ಹಿತ್ತಾಳೆಯ ಬಿಲ್ಲೆ ಕೂರಿಸಿ, ಉಪಗ್ರಹಗಳ ನೆರವಿನಿಂದ ಅದರ ಸ್ಥಾನವನ್ನು ಅಳೆದು ಬರೆದಿಟ್ಟ. ದೇಶದ ನಕ್ಷೆಗೆ ಅಂಥ ಬಿಲ್ಲೆಗಳೇ ಆಧಾರ. ಪ್ರತಿ ಅಳತೆಯ ಪಕ್ಕದಲ್ಲೂ ಅವನು ತಾರೀಕು ಬರೆಯುತ್ತಿದ್ದ. ಬಂಡೆಗೂ ಜಾತಕ ಬರೀತೀಯೇನಪ್ಪಾ ಎಂದು ಜೊತೆಯವರು ಛೇಡಿಸುತ್ತಿದ್ದರು.

ಅವನು ತೀರಿಕೊಂಡ. ಅಳತೆಗೆ ಇಪ್ಪತ್ತು ವರ್ಷ ತುಂಬಿದಾಗ, ಅವನ ಬಳಿ ಕೆಲಸ ಕಲಿತಿದ್ದವಳು ಅದೇ ಬಿಲ್ಲೆಯನ್ನು ಅಳೆದಳು. ಈಶಾನ್ಯಕ್ಕೆ ಒಂದು ಮೀಟರು ವ್ಯತ್ಯಾಸ ಬಂತು. ಮರುದಿನ ಅಳೆದರೂ ಅಷ್ಟೇ. ಹಳೆಯದು ತಪ್ಪು ಎಂದು ಬರೆದುಬಿಡು ಎಂದ ಮೇಲಧಿಕಾರಿ. ಬರೆದರೆ ಕಲಿಸಿದವನ ಜೀವಮಾನದ ದುಡಿಮೆಯೇ ಕಡತದಿಂದ ಹೋಗುತ್ತದೆ. ಅವಳಿಗೆ ಕೈ ಬರಲಿಲ್ಲ. ಒಂದು ವಾರದ ಅವಕಾಶ ಕೇಳಿ, ಆ ವರ್ಷವೇ ಅವನು ಅಳೆದಿದ್ದ ಇನ್ನೊಂದು ಗುಡ್ಡ ಹತ್ತಿದಳು. ಅಲ್ಲಿಯೂ ಒಂದು ಮೀಟರು, ಅದೇ ಈಶಾನ್ಯ ದಿಕ್ಕಿಗೆ. ಮೂರನೆಯ ಗುಡ್ಡವನ್ನು ಓಡುತ್ತಲೇ ಹತ್ತಿದಳು. ಅಲ್ಲಿಯೂ ಅಷ್ಟೇ! ಗುಡ್ಡಗಳ ನಡುವಿನ ದೂರ ಮಾತ್ರ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.

ಭೂಖಂಡಗಳ ನೆಲವೇ ಮೆಲ್ಲಗೆ ಚಲಿಸುತ್ತದೆ ಎಂದು ಅವಳು ಓದಿದ್ದಳು. ತಾನು ನಿಂತ ನೆಲವನ್ನು ಅದರಲ್ಲಿ ಸೇರಿಸಿರಲಿಲ್ಲ. ಹಳೆಯ ತಾರೀಕು ನೋಡಿದಳು. ಇಪ್ಪತ್ತು ವರ್ಷಕ್ಕೆ ಒಂದು ಮೀಟರು, ವರ್ಷಕ್ಕೆ ಐದು ಸೆಂಟಿಮೀಟರು. ಆ ತಾರೀಕಿಲ್ಲದಿದ್ದರೆ ಈ ನಡಿಗೆಯ ವೇಗ ಯಾರಿಗೂ ಸಿಗುತ್ತಿರಲಿಲ್ಲ. ಗುಡ್ಡದ ಮೇಲಿಂದಲೇ ಮೇಲಧಿಕಾರಿಗೆ ಫೋನು ಮಾಡಿದಳು.

“ಸರ್, ಅವರೂ ಸರಿ, ನಾನೂ ಸರಿ. ಗುಡ್ಡ ನಡೀತಿದೆ. ನೀವೂ ನಡೀತಿದ್ದೀರಿ.”

“ನಾನು ಕುರ್ಚಿಯಲ್ಲಿ ಕೂತಿದ್ದೀನಮ್ಮ.”

“ಕುರ್ಚಿ ಸಮೇತ, ಸರ್.”

ಹಳೆಯ ಅಳತೆ ಕಡತದಲ್ಲಿ ಉಳಿಯಿತು. ಅದರ ಕೆಳಗೆ ಅವಳು ಹೊಸದನ್ನು ಬರೆದಳು, ತಾರೀಕಿನೊಂದಿಗೆ.

ಕುರ್ಚಿಯ ಮಾತಿಗೆ ಮರಿಸ್ವಾಮಿ ಇನ್ನೂ ನಗುತ್ತಿದ್ದ. ಗುರುಗಳು ಅವನನ್ನೇ ನೋಡುತ್ತ ಕೇಳಿದರು:

“ನಿನ್ನ ಅಣ್ಣನ ಅಳತೆಯ ಪಕ್ಕದಲ್ಲಿ ಯಾವ ತಾರೀಕಿದೆ?”