ಬಲೆ ಬಿಟ್ಟ ಹಗ್ಗ

ಸರಕು ತುಂಬಿದ ಹಡಗೊಂದು ಬಡ ದೇಶವೊಂದರ ದಡದ ಹತ್ತಿರ ಸಾಗುತ್ತಿತ್ತು. ಕೆಳಗೆ ಬಂದ ಪುಟ್ಟ ದೋಣಿಯಿಂದ ಕೊಕ್ಕೆ ಕಟ್ಟಿದ ಹಗ್ಗವೊಂದು ಹಾರಿಬಂದು ಅದರ ಅಂಚನ್ನು ಕಚ್ಚಿಕೊಂಡಿತು. ಹಡಗು ನಡುಗಿತು.

“ಯಾರು ನೀನು? ಮೈಯೆಲ್ಲ ಮೀನಿನ ವಾಸನೆ!”

“ಅದು ಹಳೆಯ ವಾಸನೆ. ನಾನು ಬಲೆ ಎಳೆಯುತ್ತಿದ್ದ ಹಗ್ಗ. ದೂರದೇಶದ ಟ್ರಾಲರುಗಳು, ಆ ದೈತ್ಯ ಮೀನುಗಾರಿಕೆ ಹಡಗುಗಳು, ಬಂದು ಕಡಲಿನ ತಳವನ್ನೇ ಗುಡಿಸಿಕೊಂಡು ಹೋದವು. ಮೂರು ವರ್ಷ ಬರೀ ನೀರು ಎಳೆದೆ. ಆಮೇಲೆ ನಮ್ಮವರು ನನ್ನನ್ನು ಬಲೆಯಿಂದ ಬಿಚ್ಚಿ, ಹಡಗು ಹತ್ತಿ ದೋಚಲು ಈ ಕೊಕ್ಕೆ ಕಟ್ಟಿದರು.”

“ಮೀನು ದೋಚಿದ್ದು ನಾನಲ್ಲವಲ್ಲ!”

“ಅಲ್ಲ. ದೋಚಿದವು ಹೊರಟುಹೋದವು, ಕೈಗೆ ಸಿಕ್ಕಿದ್ದು ನೀನು.”

ಅಷ್ಟರಲ್ಲಿ ಹಡಗಿನ ಕಾವಲುಗಾರ ಕೊಡಲಿ ಎತ್ತಿಕೊಂಡು ಓಡಿಬಂದ. ಈಗ ಹಗ್ಗವೂ ನಡುಗತೊಡಗಿತು.

“ನನಗೂ ಭಯವಾಗುತ್ತದೆ. ಬಲೆಯಲ್ಲಿದ್ದಾಗ ನನ್ನ ಮೇಲೆ ಯಾರೂ ಕೊಡಲಿ ಎತ್ತಿರಲಿಲ್ಲ. ಆ ಟ್ರಾಲರುಗಳು ಮತ್ತೆ ಬರದಂತೆ ತಡೆಯಲು ನಿನ್ನ ಒಡೆಯರಿಗೆ ಹೇಳು. ಮೀನು ಮರಳಿದ ದಿನ ನಾನೂ ಬಲೆಗೆ ಮರಳುತ್ತೇನೆ.”

“ಅದು ನನ್ನ ಕೆಲಸವಲ್ಲ,” ಎಂದಿತು ಹಡಗು.

ಕೊಡಲಿ ಬಿತ್ತು. ಹಗ್ಗ ತುಂಡಾಗಿ ನೀರಿಗೆ ಜಾರಿತು. ಹಡಗು ನೆಮ್ಮದಿಯ ಉಸಿರು ಬಿಟ್ಟು ದಡದತ್ತ ನೋಡಿತು.

ಅಲ್ಲಿ ಮರಳಿನ ಉದ್ದಕ್ಕೂ ಊರಿಗೆ ಊರೇ ಕುಳಿತು ಬಲೆಗಳನ್ನು ಬಿಚ್ಚಿ ಹಗ್ಗ ಹೊಸೆಯುತ್ತಿತ್ತು.