ಹೀರೋ ಬಣ್ಣ, ಎಮ್ಮೆ ಬಣ್ಣ

ಹೀರೋ ಜಯಕೇತುವಿಗೆ ಮೂಗಿನ ತುದಿಯಲ್ಲೇ ಕೋಪ. ಸಿನಿಮಾದ ಬಣ್ಣವನ್ನು ಕಂಪ್ಯೂಟರಿನಲ್ಲಿ ತಿದ್ದುವ ನಸೀಮಾಳ ಬೆನ್ನ ಹಿಂದೆ ಬಂದು ಕೂತ.

"ನನ್ನ ಮುಖ ಹಾಲಿನ ಹಾಗೆ ಬೆಳ್ಳಗಾಗ್ಬೇಕು. ಆ ಬಣ್ಣಾನ ಪ್ರೀಸೆಟ್ ಮಾಡಿ ಸೇವ್ ಮಾಡ್ಕೊ, ಎಲ್ಲ ಸೀನಿಗೂ ಬಳಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡ!"

"ಆಗ್ಲಿ ಸಾರ್" ಅಂದಳು ನಸೀಮಾ. ಅವನು ಎಮ್ಮೆ ಮೈ ತೊಳೆಯುವ ಸೀನಿಗೇ ಮೊದಲು ಬಳಿದಳು. ಹೀರೋ ಬೆಳ್ಳಗಾದ. ಎಮ್ಮೆಯೂ ಬೆಳ್ಳಗಾಯಿತು.

"ಇದೇನೇ, ಎಮ್ಮೆ ನನ್ನ ತಮ್ಮನ ಹಾಗೆ ಕಾಣ್ತಿದೆ!"

"ಎಲ್ಲದಕ್ಕೂ ಬಳಿ ಅಂದ್ರಿ. ಎಮ್ಮೆಗೂ ಆಸೆ ಇರಲ್ವಾ ಸಾರ್?"

"ತೆಗಿ, ತೆಗಿ! ಮೊದಲಿದ್ದ ಬಣ್ಣಾನೇ ಹಾಕು."

ನಸೀಮಾ ಹಳೆಯ ಪ್ರೀಸೆಟ್ ಹುಡುಕಿ ಒತ್ತಿದಳು. ಪರದೆಯ ಮೇಲೆ ಅದರ ಹೆಸರು ಕಂಡಿತು: 'ಹೀರೋ ಸಾರ್ ಕೊನೆಗೆ ಒಪ್ಪಿದ್ದು'.

"ಇದನ್ನ ಯಾವಾಗ ಸೇವ್ ಮಾಡ್ದೆ?"

"ನೀವು ಬರೋಕೆ ಮುಂಚೇನೇ ಸಾರ್."