ಪಾಯಿಂಟಿಗೆ ಹಚ್ಚಿದ ವಿಭೂತಿ

ಹೊಳೆದಂಡೆಯ ಮಠದಲ್ಲಿ ಒಂದು ಹಳೆಯ ಕಾರಿತ್ತು. ಸುತ್ತಲ ಹಳ್ಳಿಗಳಿಗೆಲ್ಲ ಅದೊಂದೇ ಗಾಡಿ. ಮಠದ ಸ್ವಾಮಿಗಳನ್ನು ಜನ ಅಜ್ಜಾರು ಎನ್ನುತ್ತಿದ್ದರು. ಕಾರಿನ ರಿಪೇರಿಯನ್ನು ಅವರೇ ಮಾಡಿಕೊಂಡು ಬಂದಿದ್ದರು. ಆ ದಸರೆಗೆ ಮುಂಚೆ ಕೀಲಿಯನ್ನು ಶಿಷ್ಯ ಮಡಿವಾಳಯ್ಯನ ಕೈಗೆ ಕೊಟ್ಟರು.

ಆಯುಧ, ಗಾಡಿಗಳಿಗೆ ಮಾಡುವ ಖಂಡೇಪೂಜೆಯ ಮರುದಿನ ಬೆಳಿಗ್ಗೆ ಆಚೆ ದಂಡೆಯಿಂದ ಸಾವಂತ್ರವ್ವ ಎಂಬ ಬಸುರಿಯನ್ನು ತೆಪ್ಪದಲ್ಲಿ ಕರೆತಂದರು. ನೋವು ಶುರುವಾಗಿತ್ತು, ಕೂಸು ಅಡ್ಡ ತಿರುಗಿತ್ತು. ಬೇಗ ಆಸ್ಪತ್ರೆಗೆ ಮುಟ್ಟಿಸದಿದ್ದರೆ ಇಬ್ಬರೂ ಉಳಿಯುವುದಿಲ್ಲ ಎಂದಳು ಸೂಲಗಿತ್ತಿ.

ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಮಡಿವಾಳಯ್ಯ ಕೀಲಿ ತಿರುಗಿಸಿದ. ಎಂಜಿನ್ ಗೊರಗೊರ ಎಂದಿತು, ಹೊತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದ. ಅದೇ ಗೊರಗೊರ.

ಅಜ್ಜಾರು ಬಂದು ಬಾನೆಟ್ ಎತ್ತಿದರು.

"ನಿನ್ನಿ ಏನ್ ಮಾಡಿದ್ಯೋ?"

"ಪೂಜಿ ಮಾಡೀನ್ರಿ ಅಜ್ಜಾರ. ಚಕ್ರಕ್ಕ, ಸ್ಟೇರಿಂಗಿಗೆ, ಎಲ್ಲಾ ಕಡಿ ವಿಭೂತಿ ಹಚ್ಚೀನಿ."

"ಒಳಗ?"

ಅವನ ದನಿ ಇಳಿಯಿತು. "ಒಳಗೂ ಹಚ್ಚೀನ್ರಿ. ಕಿಡಿ ಹುಟ್ಟಿಸೂದು ಇದ ಅಂತ ನೀವ ತೋರಿಸಿದ್ರಿ. ಅದ ಗರ್ಭಗುಡಿ ಅಂತ ತಿಳದೆ."

ಅಜ್ಜಾರು ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕರಿ ಮುಚ್ಚಳ ತೆಗೆದರು. ಒಳಗೆ, ಕೂಡುತ್ತ ಬಿಡುತ್ತ ಇರುವ ಎರಡು ಪುಟ್ಟ ಲೋಹದ ಪಾಯಿಂಟುಗಳ ನಡುವೆ ವಿಭೂತಿ ಬೆಳ್ಳಗೆ ಮೆತ್ತಿಕೊಂಡಿತ್ತು.

"ಬೆಂಕಿ ಹುಟ್ಟಿಸೋ ಕಡಿ ಬೂದಿ ತುಂಬೀಯಲ್ಲೋ, ಶಾಣ್ಯಾ!"

ಹಿಂದಿನ ಸೀಟಿನಿಂದ ಸಾವಂತ್ರವ್ವ ಚೀರಿದಳು. ಮಡಿವಾಳಯ್ಯ ಅವಳತ್ತ ತಿರುಗಿ ನಿಂತುಬಿಟ್ಟ.

"ನಿಂತೇನ್ ಮಾಡ್ತಿ? ಒರಸು."

ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ. ನಯವಾದ ಸ್ಯಾಂಡ್‌ಪೇಪರಿನಿಂದ ತಿಕ್ಕಿದ. ಲೋಹ ಹೊಳೆಯಿತು.

ಅಜ್ಜಾರು ಪಾಯಿಂಟುಗಳು ಪೂರ್ತಿ ಬಿಡುವ ತನಕ ಎಂಜಿನ್ನನ್ನು ಕೈಯಿಂದ ತಿರುಗಿಸಿದರು. ನಡುವೆ ತೆಳ್ಳನೆಯ ಉಕ್ಕಿನ ಪಟ್ಟಿಯೊಂದನ್ನು ತೂರಿಸಿ, ಅಷ್ಟೇ ಸಂದಿ ಉಳಿಯುವಂತೆ ಸ್ಕ್ರೂ ಬಿಗಿದರು.

"ಸಂದಿ ಹಂಗ ಐತಲ್ರಿ! ಗಟ್ಟಿ ಕೂಡಿಸಿಬಿಡ್ರಿ ಅಜ್ಜಾರ."

ಅಜ್ಜಾರು ಎಂಜಿನ್ನನ್ನು ಇನ್ನಷ್ಟು ತಿರುಗಿಸಿದರು, ಪಾಯಿಂಟುಗಳು ಒಂದಕ್ಕೊಂದು ಕೂಡಿದವು. ಶಿಷ್ಯನಿಗೆ ಕೀಲಿಯನ್ನು ಅರ್ಧ ತಿರುಗಿಸಿಡಲು ಹೇಳಿ, ಕರೆಂಟು ಏರಿಸುವ ಕಾಯಿಲ್‌ನಿಂದ ಬರುವ ದಪ್ಪ ವೈರಿನ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಎಂಜಿನ್ನಿನ ಹತ್ತಿರ ತಂದರು. ಏನೂ ಆಗಲಿಲ್ಲ.

ಸ್ಕ್ರೂಡ್ರೈವರಿನಿಂದ ಪಾಯಿಂಟುಗಳನ್ನು ಬಿಡಿಸಿದರು.

ಚಟ್!

ವೈರಿನ ತುದಿಯಿಂದ ನೀಲಿ ಕಿಡಿ ನೆಗೆಯಿತು.

ಮಡಿವಾಳಯ್ಯ ಬಗ್ಗಿ ನೋಡಿದ. ಕೂಡಿದ್ದಾಗ ಇರಲಿಲ್ಲ, ಬಿಟ್ಟ ಕ್ಷಣಕ್ಕೆ ಬಂತು. ಎಲ್ಲಿತ್ತು ಅದು? ಈ ಬಡ ಗಾಡಿ ಇಷ್ಟು ವರ್ಷ ಇಂಥ ಮಿಂಚುಗಳನ್ನು ಹುಟ್ಟಿಸಿಕೊಂಡೇ ಓಡಿದೆಯೆ! ಅವನ ಕೈಗಳು ತಾವಾಗಿ ಕೂಡಿಕೊಂಡವು.

"ಕೈ ಮುಗದಿದ್ದು ಸಾಕು. ಹೊಂಡು."

ಮುಚ್ಚಳ ಕೂತಿತು, ವೈರು ಕೂತಿತು. ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡಿತು.

ಸಂಜೆ ಮಡಿವಾಳಯ್ಯ ಮರಳಿ ಬಂದ. ತಾಯಿ ಉಳಿದಿದ್ದಳು, ಹೆಣ್ಣುಕೂಸೂ ಉಳಿದಿತ್ತು. ಅವನು ಅಜ್ಜಾರ ಕಾಲಿಗೆ ಬಿದ್ದವನು ಏಳಲೇ ಇಲ್ಲ.

"ಭಕ್ತೀಲೇ ಹಚ್ಚಿದ್ದೆನ್ರಿ. ಅದರಿಂದನ ಎರಡು ಜೀವ ಹೋಗ್ತಿದ್ದುವು. ಆದ್ರ ಆ ಕಿಡಿ ನೋಡಿದ ಮ್ಯಾಲ ಪೂಜಿ ಮಾಡದ ಇರಾಕ ಆಗಂಗಿಲ್ರಿ. ಹೆಂಗ ಮಾಡ್ಲಿ?"

ಅಜ್ಜಾರು ಅವನ ಭುಜ ಹಿಡಿದು ಎಬ್ಬಿಸಿದರು. ಕಾರಿನ ಮುಂದೆ ಕರೆದೊಯ್ದು, ಒಂದು ಹೆಜ್ಜೆ ಹಿಂದಕ್ಕೆ ಸರಿಸಿ ನಿಲ್ಲಿಸಿದರು.

"ಇಲ್ಲಿ ನಿಂತು ಮಾಡು. ಹುಟ್ಟೂದಕ್ಕ ಜಾಗ ಬಿಡಬೇಕು."